ತುರ್ಕಿ ವಲಸೆ ಮಹಿಳೆಯರು: ಕಲಿಕೆ, ದುಡಿಮೆ, ಸಂಸಾರ

1961ರಿಂದೀಚೆಗೆ ಕೂಲಿಗಾಗಿ, ಮದುವೆಯಾಗಿ, ಆಶ್ರಯ ಬೇಡಿ ಅಥವಾ ಓದಲೆಂದು ತುರ್ಕಿ ಬಿಟ್ಟು ಪಶ್ಚಿಮ ಯುರೋಪಿನಲ್ಲಿ ನೆಲೆಸಿದ ಹೆಂಗಸರನ್ನೂ ಅಲ್ಲೇ ಹುಟ್ಟಿ ಬೆಳೆದ ಅವರ ಹೆಣ್ಣುಮಕ್ಕಳು, ಮೊಮ್ಮಕ್ಕಳನ್ನೂ ಸೇರಿಸಿ ತುರ್ಕಿ ವಲಸೆ ಮಹಿಳೆಯರು ಎನ್ನುವುದು ವಾಡಿಕೆ. ಇವರಲ್ಲಿ ಕುರ್ದಿಶ್ ಮಾತಾಡುವವರಿದ್ದಾರೆ, ಅಲೆವಿ ಪಂಥದವರಿದ್ದಾರೆ, ಇಸ್ತಾಂಬುಲ್‌ನ ಓದಿದ ಮನೆತನದವರಿದ್ದಾರೆ, ಅನಟೋಲಿಯದ ಹಳ್ಳಿಯಿಂದ ನೇರವಾಗಿ ರೈಲು ಹತ್ತಿದವರೂ ಇದ್ದಾರೆ. ನೆದರ್ಲೆಂಡ್ಸ್, ಆಸ್ಟ್ರಿಯ, ಬೆಲ್ಜಿಯಂ, ಫ್ರಾನ್ಸ್, ಸ್ವೀಡನ್‌ಗಳಲ್ಲೆಲ್ಲ ಇವರು ಹರಡಿಕೊಂಡಿದ್ದರೂ ಅತಿ ದೊಡ್ಡ ನೆಲೆ ಜರ್ಮನಿ. ಅಲ್ಲಿ ತುರ್ಕಿ ಮೂಲದವರು ಸುಮಾರು 28 ಲಕ್ಷ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಜರ್ಮನಿಯ ಕುರಿತೇ ಇದೆ.

ಈ ಹೆಂಗಸರ ಬಗ್ಗೆ ಯುರೋಪಿನ ಪತ್ರಿಕೆಗಳು ಬಹುಕಾಲ ಒಂದೇ ಚಿತ್ರ ಅಚ್ಚು ಹಾಕಿದವು: ಗಂಡನಿಗಿಂತ ನಾಲ್ಕು ಹೆಜ್ಜೆ ಹಿಂದೆ, ತಲೆಗೆ ವಸ್ತ್ರ ಕಟ್ಟಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ನಡೆಯುವ ಹೆಂಗಸು. ಅಂಥವರು ಇರಲಿಲ್ಲವೆಂದಲ್ಲ. ಆದರೆ ಕಥೆ ಶುರುವಾಗುವುದು ಅವಳಿಂದಲ್ಲ. ಶುರುವಾಗುವುದು ಸ್ವಂತ ಹೆಸರಿನ ಕೆಲಸದ ಕರಾರು ಪತ್ರ ಹಿಡಿದು ಒಬ್ಬಳೇ ರೈಲು ಹತ್ತಿದ ಕಾರ್ಮಿಕಳಿಂದ. ಹೀಗೆ ದುಡಿಯಲು ಬಂದವಳು ಹೋಗಿ ಅವಲಂಬಿತೆ ಬಂದದ್ದು ಹೇಗೆ ಎಂದು ಕೇಳಿದರೆ, ಉತ್ತರ ತುರ್ಕಿಯ ಸಂಪ್ರದಾಯದಲ್ಲಿ ಎಷ್ಟು ಸಿಗುತ್ತದೋ ಜರ್ಮನಿಯ ಕಾನೂನಿನಲ್ಲೂ ಅಷ್ಟೇ ಸಿಗುತ್ತದೆ.

ಒಬ್ಬಂಟಿಯಾಗಿ ಬಂದವರು

ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಕಾರ್ಖಾನೆಗಳು ಚೇತರಿಸಿಕೊಂಡ ವೇಗಕ್ಕೆ ಅಲ್ಲಿನ ಆಳುಗಳು ಸಾಲಲಿಲ್ಲ. ಇಟಲಿ, ಸ್ಪೇನ್, ಗ್ರೀಸ್‌ಗಳ ನಂತರ 1961ರ ಅಕ್ಟೋಬರ್ 30ರಂದು ತುರ್ಕಿಯೊಡನೆ ಕಾರ್ಮಿಕರ ಒಪ್ಪಂದವಾಯಿತು. ಮೊದಲಿನ ಷರತ್ತಿನಂತೆ ಎರಡು ವರ್ಷ ದುಡಿದು ಊರಿಗೆ ಮರಳಬೇಕಿತ್ತು. ಕೆಲಸ ಕಲಿತ ಕೈಗಳನ್ನು ಕಳಿಸಿ ಹೊಸಬರಿಗೆ ಮತ್ತೆ ಮೊದಲಿಂದ ಕಲಿಸುವುದು ಕಾರ್ಖಾನೆಯವರಿಗೇ ಬೇಡವಾಗಿ, 1964ರಲ್ಲಿ ಆ ಮಿತಿ ಬಿದ್ದುಹೋಯಿತು. 1973ರ ನವೆಂಬರ್ 23ರಂದು ನೇಮಕಾತಿ ನಿಲ್ಲುವ ಹೊತ್ತಿಗೆ ತುರ್ಕಿಯಿಂದ ಎಂಟು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಹೆಂಗಸರು.

ರೇಡಿಯೊ, ಟೆಲಿಫೋನ್, ಬಟ್ಟೆ, ಸಿದ್ಧ ಆಹಾರದ ಕಾರ್ಖಾನೆಗಳು ಹೆಣ್ಣಾಳುಗಳನ್ನೇ ಕೇಳುತ್ತಿದ್ದವು. ಹೆಂಗಸರ ಬೆರಳು ಸಣ್ಣ, ತಾಳ್ಮೆ ಹೆಚ್ಚು ಎನ್ನುವುದು ಬಾಯಿಮಾತಿನ ಕಾರಣ. ಕೂಲಿ ಕಡಿಮೆ ಕೊಟ್ಟರೆ ಸಾಕು ಎನ್ನುವುದು ಲೆಕ್ಕದ ಪುಸ್ತಕದ ಕಾರಣ. ಗಂಡಸರ ಸರದಿ ಪಟ್ಟಿ ವರ್ಷಗಟ್ಟಲೆ ಉದ್ದವಿದ್ದುದರಿಂದ, ಎಷ್ಟೋ ಮನೆಗಳಲ್ಲಿ ಹೆಂಡತಿಯನ್ನು ಮೊದಲು ಕಳಿಸಿ, ಅವಳ ಮೂಲಕ ಗಂಡ ಹಿಂದಿನಿಂದ ಹೋಗುವ ಏರ್ಪಾಡಾಯಿತು. ಮದುವೆಯಾಗದವರು, ಗಂಡನನ್ನು ಬಿಟ್ಟವರು, ವಿಧವೆಯರು ತಮ್ಮ ಇಚ್ಛೆಯಿಂದಲೇ ಹೆಸರು ಬರೆಸಿದರು. ಅವರಲ್ಲಿ ಹೊಲಿಗೆ ಬಲ್ಲವರಿದ್ದರು, ಶಾಲೆಯಲ್ಲಿ ಪಾಠ ಹೇಳಿದವರೂ ಇದ್ದರು. ತುರ್ಕಿಯ ಹೆಂಗಸರಿಗೆ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು 1934ರಲ್ಲೇ ಸಿಕ್ಕಿತ್ತು. ಪಟ್ಟಣದ ಹುಡುಗಿಯರಿಗೆ ಕಚೇರಿ, ಶಾಲೆ, ಗಿರಣಿಗಳಲ್ಲಿ ದುಡಿಯುವುದು ಹೊಸದೇನಲ್ಲ.

ಇಸ್ತಾಂಬುಲ್‌ನಲ್ಲಿದ್ದ ಜರ್ಮನ್ ನೇಮಕಾತಿ ಕಚೇರಿಯಲ್ಲಿ ಓದು ಬರಹ ಬರುತ್ತದೆಯೇ ಎಂದು ನೋಡುತ್ತಿದ್ದರು. ಆಮೇಲೆ ವೈದ್ಯರ ತಪಾಸಣೆ: ಒಳ ಉಡುಪಿನಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು ನೋಡುವುದು, ಎದೆಯ ಎಕ್ಸ್‌ರೇ, ರಕ್ತ ಮತ್ತು ಮೂತ್ರದ ಪರೀಕ್ಷೆ. ಹೆಂಗಸರಾದರೆ ಗರ್ಭಿಣಿಯಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು. ಮುಂದೆ ಮುಪ್ಪಿನಲ್ಲಿ ನೆನಪು ಹೇಳಿಕೊಂಡ ಅನೇಕರು ಕಾರ್ಖಾನೆಯ ಕಷ್ಟಕ್ಕಿಂತ ಈ ಸಾಲಿನ ಅವಮಾನವನ್ನೇ ಮೊದಲು ಹೇಳಿದ್ದಾರೆ. ಸಿರ್ಕೆಜಿ ನಿಲ್ದಾಣದಲ್ಲಿ ರೈಲು ಹತ್ತಿದರೆ ಹೆಚ್ಚುಕಡಿಮೆ ಮೂರು ದಿನದ ಪ್ರಯಾಣ. ಮ್ಯೂನಿಕ್‌ನ 11ನೇ ಪ್ಲಾಟ್‌ಫಾರ್ಮಿನಲ್ಲಿ ಇಳಿದವರನ್ನು ಅದರ ಕೆಳಗಿದ್ದ ಯುದ್ಧಕಾಲದ ನೆಲಮಾಳಿಗೆಗೆ ಕರೆದೊಯ್ದು ಊಟ ಕೊಟ್ಟು, ಹೆಸರು ಕೂಗಿ, ಕಾರ್ಖಾನೆಗಳಿಗೆ ಹಂಚುತ್ತಿದ್ದರು.

ಹೈಮ್ ಮತ್ತು ಅಕೋರ್ಟ್

ಕಂಪನಿಯ ಹಾಸ್ಟೆಲ್‌ಗೆ ತುರ್ಕಿ ಹೆಂಗಸರ ಬಾಯಲ್ಲಿ ಹೈಮ್ ಎಂದು ಹೆಸರು. ಒಂದು ಕೋಣೆಯಲ್ಲಿ ಅಟ್ಟ ಹಾಕಿದ ಮಂಚಗಳು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಬಾಗಿಲು ಕಾಯುವ ಮೇಲ್ವಿಚಾರಕಿ. ಹೊಸದಾಗಿ ಬಂದವಳಿಗೆ ಸೊಸೇಜ್‌ನಲ್ಲಿ ಯಾವ ಮಾಂಸವಿದೆ ಎಂಬುದರಿಂದ ಹಿಡಿದು ಟ್ರಾಮ್ ಟಿಕೆಟ್‌ವರೆಗೆ ಹೇಳಿಕೊಡುವವಳು ಮೊದಲೇ ಬಂದ 'ಅಬ್ಲಾ'. ತುರ್ಕಿ ಮಾತಿನಲ್ಲಿ ಅಬ್ಲಾ ಎಂದರೆ ಅಕ್ಕ. ವಯಸ್ಸು ಎಷ್ಟೇ ಇರಲಿ, ಹೈಮ್‌ನಲ್ಲಿ ಆರು ತಿಂಗಳು ಮುಂಚೆ ಬಂದಿದ್ದರೆ ಅವಳು ಅಕ್ಕನೇ.

ಈ ಬದುಕನ್ನು ಸಾಹಿತ್ಯಕ್ಕೆ ತಂದವರಲ್ಲಿ ದೊಡ್ಡ ಹೆಸರು ಎಮಿನೆ ಸೆವ್ಗಿ ಒಜ್‌ದಾಮರ್. 1946ರಲ್ಲಿ ಮಲಾಟ್ಯದಲ್ಲಿ ಹುಟ್ಟಿದ ಆಕೆ 1965ರಲ್ಲಿ ಪಶ್ಚಿಮ ಬರ್ಲಿನ್‌ಗೆ ಬಂದು ಕಾರ್ಖಾನೆಯಲ್ಲಿ ದುಡಿದರು, ಹೆಂಗಸರ ಹೈಮ್‌ನಲ್ಲಿದ್ದರು. ಆಮೇಲೆ ಇಸ್ತಾಂಬುಲ್‌ನಲ್ಲಿ ನಾಟಕ ಕಲಿತು ಮತ್ತೆ ಬರ್ಲಿನ್‌ಗೆ ಹೋಗಿ, ತಾವು ದೊಡ್ಡವರಾದ ಮೇಲೆ ಕಲಿತ ಜರ್ಮನ್ ಭಾಷೆಯಲ್ಲೇ ಬರೆದರು. 1998ರ ಅವರ ಕಾದಂಬರಿ 'ಡೀ ಬ್ರ್ಯೂಕೆ ಫೊಮ್ ಗೋಲ್ಡನೆನ್ ಹಾರ್ನ್' ರೇಡಿಯೊ ವಾಲ್ವ್ ಜೋಡಿಸುವ ಹುಡುಗಿಯರ ಬೆಂಚಿನಿಂದ ಹೊರಟ ಕೃತಿ. ಆ ಕೆಲಸ ಹೇಗಿರುತ್ತಿತ್ತೆಂದರೆ, ಒಂದು ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು, ಕೂದಲಿನಷ್ಟು ತೆಳ್ಳಗಿನ ತಂತಿಗಳನ್ನು ಚಿಮಟದಲ್ಲಿ ಹಿಡಿದು ಅವುಗಳ ಜಾಗದಲ್ಲಿ ಕೂರಿಸಬೇಕು. ಇನ್ನೊಂದು ಕಣ್ಣು ಮುಚ್ಚಿಯೇ ಇರಬೇಕು. ಪಾಳಿ ಮುಗಿದ ಮೇಲೂ ಮುಖದ ಒಂದು ಪಕ್ಕ ಹಿಡಿದುಕೊಂಡೇ ಇರುತ್ತಿತ್ತು. ಒಜ್‌ದಾಮರ್‌ಗೆ 1991ರಲ್ಲಿ ಇಂಗೆಬೊರ್ಗ್ ಬಾಖ್‌ಮನ್ ಪ್ರಶಸ್ತಿ, 2022ರಲ್ಲಿ ಜರ್ಮನ್ ಸಾಹಿತ್ಯದ ಅತ್ಯುನ್ನತ ಗೌರವವಾದ ಗೇಯೋರ್ಗ್ ಬ್ಯೂಖ್ನರ್ ಪ್ರಶಸ್ತಿ ಬಂದವು.

ಪೀಸ್ ಲೆಕ್ಕದ ಕೆಲಸಕ್ಕೆ ಜರ್ಮನ್ನರಿಂದ ಎತ್ತಿಕೊಂಡ ಪದ ಅಕೋರ್ಟ್. ಗಂಟೆಗೆ ಇಷ್ಟು ಪೀಸ್ ಎಂಬ ಗುರಿ ಮುಟ್ಟಿದರೆ ಮುಂದಿನ ತಿಂಗಳು ಗುರಿಯೇ ಏರುತ್ತಿತ್ತು. ಇದಕ್ಕಿಂತ ದೊಡ್ಡ ಮೋಸ 'ಹಗುರ ಕೂಲಿ ದರ್ಜೆ' ಎಂಬ ವ್ಯವಸ್ಥೆ. ಹೆಂಗಸು ಎಂಬ ಒಂದೇ ಕಾರಣಕ್ಕೆ ಕೂಲಿ ಕಡಿತ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ಜರ್ಮನಿಯ ಕಾರ್ಮಿಕ ನ್ಯಾಯಾಲಯ 1955ರಲ್ಲಿ ಹೇಳಿತ್ತು. ಕಾರ್ಖಾನೆಗಳು ಹೆಣ್ಣು ಎಂಬ ಪದ ಅಳಿಸಿ, ದೇಹಕ್ಕೆ ಹಗುರವಾದ ಕೆಲಸ ಎಂಬ ದರ್ಜೆ ಸೃಷ್ಟಿಸಿ, ಹೆಂಗಸರನ್ನೆಲ್ಲ ಅದಕ್ಕೆ ಹಾಕಿದವು. ಬರಬರುತ್ತ ಆ ಕೆಳದರ್ಜೆಗಳಲ್ಲಿ ವಿದೇಶಿ ಹೆಂಗಸರೇ ತುಂಬಿಕೊಂಡರು.

ಇದಕ್ಕೆ ಮಾರುತ್ತರ ಸಿಕ್ಕಿದ್ದು ನೊಯ್ಸ್ ಪಟ್ಟಣದ ಪೀರ್‌ಬುರ್ಗ್ ಕಾರ್ಖಾನೆಯಲ್ಲಿ. ಕಾರುಗಳಿಗೆ ಕಾರ್ಬ್ಯುರೇಟರ್ ಮಾಡುವ ಜಾಗ ಅದು. 1973ರ ಆಗಸ್ಟ್ 13ರಂದು ತುರ್ಕಿ, ಗ್ರೀಸ್, ಯುಗೊಸ್ಲಾವಿಯ, ಇಟಲಿ, ಸ್ಪೇನ್‌ಗಳ ಹೆಂಗಸರು ಗೇಟಿನ ಮುಂದೆ ಕೂತರು. ಗಂಟೆಗೆ ಒಂದು ಮಾರ್ಕ್ ಹೆಚ್ಚು ಕೊಡಿ, ಹಗುರ ಕೂಲಿಯ ಎರಡನೇ ದರ್ಜೆ ತೆಗೆಯಿರಿ ಎಂಬುದು ಬೇಡಿಕೆ. ಪೊಲೀಸರು ಎಳೆದಾಡಿದರು, ಹೊಡೆದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಹೆಂಗಸರು ಗೇಟು ಬಿಟ್ಟು ಕದಲಲಿಲ್ಲ. ಕೆಲವು ದಿನಗಳಲ್ಲಿ ಜರ್ಮನ್ ಕುಶಲ ಕಾರ್ಮಿಕರು ಗುಲಾಬಿ ಹೂ ಹಿಡಿದು ಬಂದು ಅವರ ಜೊತೆ ಸೇರಿದರು. ಯಂತ್ರಗಳು ಪೂರ್ತಿ ನಿಂತವು. ಕೊನೆಗೆ ಆ ದರ್ಜೆ ರದ್ದಾಯಿತು, ಗಂಟೆಗೆ 65 ಫೆನ್ನಿಗ್‌ವರೆಗೆ ಕೂಲಿ ಏರಿತು. ಅದೇ ತಿಂಗಳು ಕೊಲೋನ್‌ನ ಫೋರ್ಡ್ ಕಾರ್ಖಾನೆಯಲ್ಲಿ ನಡೆದ ತುರ್ಕಿ ಗಂಡಸರ ಮುಷ್ಕರ ಸೋತಿತು. ಆದರೂ ಇತಿಹಾಸದ ಪುಸ್ತಕಗಳಲ್ಲಿ ಫೋರ್ಡ್‌ಗೆ ಸಿಕ್ಕ ಜಾಗ ಪೀರ್‌ಬುರ್ಗ್‌ಗೆ ಬಹುಕಾಲ ಸಿಗಲಿಲ್ಲ. ಗೆದ್ದ ಹೆಂಗಸರ ಮುಷ್ಕರವನ್ನು ಮರೆತು ಸೋತ ಗಂಡಸರ ಮುಷ್ಕರವನ್ನು ನೆನೆಯುವುದು ನ್ಯಾಯವಲ್ಲ.

ಅವಲಂಬಿತೆಯಾದ ಬಗೆ

1973ರಲ್ಲಿ ನೇಮಕಾತಿ ನಿಂತಾಗ ಸರ್ಕಾರದ ನಿರೀಕ್ಷೆ ಜನ ಕಡಿಮೆಯಾಗುತ್ತಾರೆಂದು. ಆದದ್ದು ತಿರುವುಮುರುವು. ಒಮ್ಮೆ ಊರಿಗೆ ಹೋದರೆ ಮತ್ತೆ ಬರಲಾಗದೆಂದು ತಿಳಿದವರು ಅಲ್ಲೇ ಉಳಿದು ಸಂಸಾರವನ್ನು ಕರೆಸಿಕೊಂಡರು. 1975ರಿಂದ ಮಕ್ಕಳ ಭತ್ಯೆಯ ಪೂರ್ತಿ ಮೊತ್ತ ಜರ್ಮನಿಯಲ್ಲಿರುವ ಮಕ್ಕಳಿಗೆ ಮಾತ್ರ ಎಂದಾಯಿತು. ಅಜ್ಜಿಯ ಮನೆಯಲ್ಲಿದ್ದ ಮಕ್ಕಳೂ ಬಂದರು. ಎರಡು ದೇಶಗಳ ನಡುವೆ ಹೀಗೆ ಓಡಾಡಿದ ಈ ಪೀಳಿಗೆಗೆ 'ಸೂಟ್‌ಕೇಸ್ ಮಕ್ಕಳು' ಎಂದು ಹೆಸರು ಬಿತ್ತು. ತಾಯಿ ನಿಲ್ದಾಣದಲ್ಲಿ ಅಪ್ಪಿಕೊಳ್ಳಲು ಬಂದರೆ ಅಜ್ಜಿಯ ಸೆರಗಿನ ಹಿಂದೆ ಅಡಗಿದ ಮಕ್ಕಳ ನೆನಪು ಈ ಪೀಳಿಗೆಯ ಎಷ್ಟೋ ಮನೆಗಳಲ್ಲಿದೆ. ಕಾರ್ಖಾನೆಯ ಪಾಳಿಯ ನಡುವೆ ಮಗುವನ್ನು ಬಿಡಲು ಶಿಶುವಿಹಾರವಿರಲಿಲ್ಲ ಎಂಬ ಸರಳ ಕಾರಣಕ್ಕೆ ಅವರು ದೂರವಾಗಿದ್ದರು.

ಇದೇ ಕಾಲಕ್ಕೆ ಬಂದ ಹೆಂಡತಿಯರ ಸ್ಥಿತಿ ಬೇರೆ. 1974ರ ನವೆಂಬರ್ ನಂತರ ಗಂಡನನ್ನು ಸೇರಲು ಬಂದವರಿಗೆ ಕೆಲಸದ ಪರವಾನಗಿ ಕೊಡಲಿಲ್ಲ. 1979ರಲ್ಲಿ ಸಡಿಲಿಸಿದರೂ ನಾಲ್ಕು ವರ್ಷ ಕಾಯಬೇಕಿತ್ತು. ದುಡಿಯಲೇಬೇಕಾದವರು ಕಾಗದ ಪತ್ರವಿಲ್ಲದೆ ಮನೆಗೆಲಸ, ಕಚೇರಿ ಗುಡಿಸುವ ಕೆಲಸ ಹಿಡಿದರು, ವಿಮೆಯಿಲ್ಲ, ಪಿಂಚಣಿಯಿಲ್ಲ. ಮೇಲಾಗಿ ಅವಳ ವಾಸದ ಹಕ್ಕು ಗಂಡನ ಹಕ್ಕಿಗೆ ಗಂಟು ಬಿದ್ದಿತ್ತು. ಗಂಡ ಹೊಡೆಯುತ್ತಾನೆಂದು ಮನೆ ಬಿಟ್ಟರೆ ದೇಶವನ್ನೇ ಬಿಡಬೇಕಾಗುವ ಭಯ. 1991ರಲ್ಲಿ ಜಾರಿಗೆ ಬಂದ ಕಾನೂನು ನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಸ್ವತಂತ್ರ ಹಕ್ಕು ಕೊಟ್ಟಿತು. 2000ದಲ್ಲಿ ಅದು ಎರಡು ವರ್ಷಕ್ಕೆ ಇಳಿಯಿತು, 2011ರಲ್ಲಿ ಮತ್ತೆ ಮೂರಕ್ಕೆ ಏರಿತು.

ತುರ್ಕಿ ಹೆಂಗಸು ಮನೆಯಲ್ಲೇ ಇರುವುದು ಅವಳ ಧರ್ಮದಿಂದ ಎಂದು ಹೇಳುವವರು ನೆನಪಿಡಬೇಕಾದ ಸಂಗತಿ ಇದೆ. ಸಂಸಾರದ ಕರ್ತವ್ಯಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ದುಡಿಯಬಹುದು ಎಂಬ ನಿಯಮ ಪಶ್ಚಿಮ ಜರ್ಮನಿಯ ಸಿವಿಲ್ ಸಂಹಿತೆಯಲ್ಲೇ 1977ರವರೆಗೆ ಇತ್ತು. ತುರ್ಕಿಯ ಸಂಹಿತೆಯಲ್ಲಿ ಗಂಡನ ಒಪ್ಪಿಗೆ ಬೇಕೆಂಬ ನಿಯಮವನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 1990ರಲ್ಲಿ ಹೊಡೆದುಹಾಕಿತು. ಎರಡೂ ದೇಶಗಳ ಕಾನೂನು ಅವಳನ್ನು ಒಂದೇ ದಿಕ್ಕಿಗೆ ನೂಕುತ್ತಿದ್ದವು.

1980ರ ದಶಕದಲ್ಲಿ ಬಟ್ಟೆ ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಮುಚ್ಚತೊಡಗಿದವು. 1983ರಲ್ಲಿ ಸರ್ಕಾರ ಊರಿಗೆ ಮರಳುವವರಿಗೆ 10,500 ಮಾರ್ಕ್, ತಲಾ ಮಗುವಿಗೆ 1,500 ಮಾರ್ಕ್ ಕೊಡುವುದಾಗಿ ಹೇಳಿತು. ಹೋದವರ ಹೆಣ್ಣುಮಕ್ಕಳು ತುರ್ಕಿಯ ಶಾಲೆಯಲ್ಲಿ 'ಅಲ್ಮಾನ್‌ಜಿ', ಅಂದರೆ ಜರ್ಮನಿಯವಳು ಎನಿಸಿಕೊಂಡರು. ಇತ್ತ ಜರ್ಮನಿಯಲ್ಲಿ ಉಳಿದವರು ಪರದೇಶಿಗಳಾಗಿಯೇ ಉಳಿದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಪಶ್ಚಿಮ ಬರ್ಲಿನ್‌ನ ಕಾರ್ಖಾನೆಗಳಿಗೆ ಸಿಗುತ್ತಿದ್ದ ಸರ್ಕಾರಿ ನೆರವು ನಿಂತು, ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ದುಡಿದ ತುರ್ಕಿ ಹೆಂಗಸರು ನಲವತ್ತೈದರ ವಯಸ್ಸಿಗೆ ಕೆಲಸ ಕಳೆದುಕೊಂಡರು. ಅವರಿಗೆ ಉಳಿದದ್ದು ಗುಡಿಸುವ ಒರೆಸುವ ಕೆಲಸ, ಇಲ್ಲವೇ ಬೀದಿಯ ಮೂಲೆಯಲ್ಲೊಂದು ಬಟ್ಟೆ ರಿಪೇರಿ ಅಂಗಡಿ.

ಹತ್ತನೇ ವಯಸ್ಸಿನ ಕವಲು

ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ, ಅಂದರೆ ಹತ್ತನೇ ವಯಸ್ಸಿಗೆ, ಮಗು ಯಾವ ಬಗೆಯ ಶಾಲೆಗೆ ಹೋಗಬೇಕೆಂದು ಶಿಕ್ಷಕರ ಶಿಫಾರಸು ಬರುತ್ತದೆ. ಗಿಮ್ನಾಸಿಯಂಗೆ ಹೋದವರು ವಿಶ್ವವಿದ್ಯಾಲಯಕ್ಕೆ, ರೇಆಲ್‌ಶೂಲೆಗೆ ಹೋದವರು ಗುಮಾಸ್ತಿಕೆ ಮತ್ತು ತಾಂತ್ರಿಕ ಕೆಲಸಕ್ಕೆ, ಹೌಪ್ಟ್‌ಶೂಲೆಗೆ ಹೋದವರು ಕೈಕೆಲಸಕ್ಕೆ ಎಂಬ ಮೂರು ದಾರಿ ಬಹುಕಾಲ ನಡೆಯಿತು. ಈಚೆಗೆ ಹಲವು ರಾಜ್ಯಗಳು ಕೆಳಗಿನ ಎರಡನ್ನು ಕೂಡಿಸಿವೆ. ಆರು ವರ್ಷಕ್ಕೆ ಶಾಲೆಗೆ ಬಂದು ಆಗಷ್ಟೇ ಜರ್ಮನ್ ಕಲಿಯತೊಡಗಿದ ಹುಡುಗಿಗೆ ಹತ್ತು ವರ್ಷಕ್ಕೆ ತೀರ್ಪು. ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು; ಉಳಿದ ಪಾಠವನ್ನು ಅಮ್ಮ ಮನೆಯಲ್ಲಿ ಕೂತು ಹೇಳಿಕೊಡುತ್ತಾಳೆ ಎಂಬುದು ಆ ವ್ಯವಸ್ಥೆಯ ಒಳನಂಬಿಕೆ. ಪಾಳಿ ಕೆಲಸದ, ಜರ್ಮನ್ ಬಾರದ ಅಮ್ಮನನ್ನು ಆ ಶಾಲೆ ಎಂದೂ ಎಣಿಸಿರಲಿಲ್ಲ. 1970ರ ದಶಕದಲ್ಲಿ ಬವೇರಿಯದಂಥ ಕಡೆ ತುರ್ಕಿ ಮಕ್ಕಳನ್ನು ಪ್ರತ್ಯೇಕ ತರಗತಿಯಲ್ಲಿ ಕೂರಿಸಿದರು, ಹೇಗೂ ಊರಿಗೆ ಮರಳುವವರಲ್ಲವೇ ಎಂದು.

ಮನೆಯ ಕಡೆಯ ತೊಡಕೂ ಇತ್ತು. ಹುಡುಗಿ ದೊಡ್ಡವಳಾದೊಡನೆ ಈಜು ತರಗತಿ, ಶಾಲೆಯ ಪ್ರವಾಸ ಬೇಡವೆನ್ನುವ ತಂದೆಯರಿದ್ದರು. ಅಧಿಕಾರಿಯ ಪತ್ರ ಓದುವುದು, ವೈದ್ಯರ ಮುಂದೆ ಅಮ್ಮನ ಗರ್ಭಕೋಶದ ತೊಂದರೆಯನ್ನು ಭಾಷಾಂತರಿಸುವುದು ಹನ್ನೊಂದು ವರ್ಷದ ಮಗಳ ಪಾಲಿಗೆ ಬರುತ್ತಿತ್ತು. ಆದರೂ ಎರಡನೇ ಪೀಳಿಗೆಯಲ್ಲಿ ತುರ್ಕಿ ಮನೆಗಳ ಹುಡುಗಿಯರು ಹುಡುಗರಿಗಿಂತ ಚೆನ್ನಾಗಿ ಓದಿದರು. ಅದರ ಹಿಂದೆ ಓದಲಾಗದ ಅಮ್ಮಂದಿರ ಒತ್ತಾಸೆ ಇದೆ. ನೀನು ನನ್ನ ಹಾಗೆ ಬಕೆಟ್ ಹಿಡಿಯಬೇಡ ಎಂದು ಹೇಳಿದ ಅಮ್ಮನನ್ನು ಈ ಹೆಣ್ಣುಮಕ್ಕಳು ಮತ್ತೆ ಮತ್ತೆ ನೆನೆಯುತ್ತಾರೆ.

ಓದಿದ ಮೇಲಿನ ಗೋಡೆ ಬೇರೆಯದು. ಜರ್ಮನಿಯಲ್ಲಿ ಕೆಲಸದ ಅರ್ಜಿಗೆ ಫೋಟೊ ಅಂಟಿಸುವ ರೂಢಿ. ಅರ್ಥಶಾಸ್ತ್ರಜ್ಞೆ ಡೋರಿಸ್ ವೈಕ್ಸೆಲ್‌ಬೌಮರ್ ಸುಮಾರು 1,500 ಅರ್ಜಿಗಳನ್ನು, ಓದು ಅನುಭವ ಎಲ್ಲ ಒಂದೇ ಇಟ್ಟು, ಒಬ್ಬಳದೇ ಫೋಟೊ ಬಳಸಿ ಕಳಿಸಿದರು. 2016ರಲ್ಲಿ ಹೊರಬಂದ ಫಲಿತಾಂಶ ಹೀಗಿತ್ತು: ಜರ್ಮನ್ ಹೆಸರಿದ್ದಾಗ ನೂರಕ್ಕೆ 18.8ರಷ್ಟು ಅರ್ಜಿಗಳಿಗೆ ಸಂದರ್ಶನದ ಕರೆ ಬಂತು, ತುರ್ಕಿ ಹೆಸರಿದ್ದಾಗ 13.5, ಅದೇ ತುರ್ಕಿ ಹೆಸರಿನವಳು ತಲೆವಸ್ತ್ರ ಧರಿಸಿದ್ದಾಗ 4.2. ಸಾರ್ವಜನಿಕ ಶಾಲೆಗಳ ಶಿಕ್ಷಕಿಯರಿಗೆ ತಲೆವಸ್ತ್ರವನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲ ಎಂದು ಸಂವಿಧಾನ ನ್ಯಾಯಾಲಯ 2015ರಲ್ಲಿ ಹೇಳಿತು. ಶಾಲೆ ಗುಡಿಸುವವಳ ತಲೆವಸ್ತ್ರ ಎಷ್ಟು ದಶಕ ಕಳೆದರೂ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಪಾಠ ಹೇಳುವವಳ ತಲೆಗೆ ಬಂದಾಗಲೇ ಅದು ವಿವಾದವಾಯಿತು.

ಕವಲಿನ ವಯಸ್ಸು ಬದಲಾದರೆ ಫಲವೂ ಬದಲಾಗುತ್ತದೆ ಎನ್ನಲು ನೆರೆಯ ದೇಶಗಳೇ ಸಾಕ್ಷಿ. ಫ್ರಾನ್ಸ್‌ನಲ್ಲಿ ಮಕ್ಕಳು ಮೂರು ವರ್ಷಕ್ಕೇ ಶಾಲೆಯ ಅಂಗಳದಲ್ಲಿರುತ್ತಾರೆ. ಸ್ವೀಡನ್‌ನಲ್ಲಿ ಹದಿನೈದು ಹದಿನಾರರವರೆಗೆ ಎಲ್ಲರಿಗೂ ಒಂದೇ ಶಾಲೆ. ಅದೇ ಅನಟೋಲಿಯದ ಹಳ್ಳಿಗಳಿಂದ ಹೋದವರ ಮಕ್ಕಳು ಈ ಎರಡು ದೇಶಗಳಲ್ಲಿ ಜರ್ಮನಿ, ಆಸ್ಟ್ರಿಯಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ವಿಶ್ವವಿದ್ಯಾಲಯ ತಲುಪಿದ್ದಾರೆ. ಜರ್ಮನಿಯೂ ಕೆಲವನ್ನು ಕಲಿತಿದೆ. 1996ರಿಂದ ಮೂರು ವರ್ಷದ ಮಗುವಿಗೆ, 2013ರಿಂದ ಒಂದು ವರ್ಷದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಕೇಳುವ ಹಕ್ಕಿದೆ.

ಮದುವೆ, ಚಿನ್ನ, ಗೋರಂಟಿ

ಡುಯಿಸ್‌ಬುರ್ಗ್ ನಗರದ ಮಾರ್ಕ್ಸ್‌ಲೋ ಕಲ್ಲಿದ್ದಲು, ಉಕ್ಕಿನ ಕೆಲಸ ನಿಂತು ಸೊರಗಿದ ಬಡಾವಣೆ. ಅಲ್ಲಿನ ಒಂದೇ ಬೀದಿಯಲ್ಲಿ ಸಾಲು ಸಾಲಾಗಿ ತುರ್ಕಿಯವರ ಮದುವೆ ಉಡುಪಿನ ಅಂಗಡಿಗಳಿವೆ; ನೆದರ್ಲೆಂಡ್ಸ್, ಬೆಲ್ಜಿಯಂಗಳಿಂದಲೂ ಮದುವಣಗಿತ್ತಿಯರು ಬರುತ್ತಾರೆ. ಮದುವೆಯ ಮುನ್ನಾದಿನದ ಗೋರಂಟಿ ರಾತ್ರಿಗೆ ಕೆನಾ ಗೆಜೆಸಿ ಎನ್ನುತ್ತಾರೆ. ತಲೆಯ ಮೇಲೆ ಕೆಂಪು ಮುಸುಕು ಹಾಕಿ ಹುಡುಗಿಯನ್ನು ನಡುವೆ ಕೂರಿಸಿ, ಸುತ್ತ ಹಾಡುತ್ತಾರೆ. ಅವಳು ಮುಷ್ಟಿ ಬಿಗಿ ಹಿಡಿಯಬೇಕು. ಅತ್ತೆ ಚಿನ್ನದ ನಾಣ್ಯ ಇಟ್ಟ ಮೇಲೆಯೇ ಅಂಗೈ ಬಿಚ್ಚುವುದು, ಗೋರಂಟಿ ಹಚ್ಚುವುದು. ಹೆಂಗಸರ ಇನ್ನೊಂದು ಏರ್ಪಾಡು 'ಚಿನ್ನದ ದಿನ'. ನಮ್ಮ ಚೀಟಿಯಂತೆಯೇ ಅದು: ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಎಲ್ಲರೂ ಆ ಮನೆಯವಳಿಗೆ ಒಂದೊಂದು ಚಿನ್ನದ ನಾಣ್ಯ ಕೊಡುವುದು. ಗಂಡನಿಗೆ ಲೆಕ್ಕ ಕೊಡಬೇಕಿಲ್ಲದ ದುಡ್ಡು ಅನೇಕರ ಕೈಸೇರುತ್ತಿದ್ದುದು ಹೀಗೆ.

ಎರಡನೇ ಪೀಳಿಗೆಯವರು ಮದುವೆಯಾಗುವ ವಯಸ್ಸು ಏರಿದೆ, ಮಕ್ಕಳ ಸಂಖ್ಯೆ ಇಳಿದಿದೆ. ಊರಿನಿಂದ ಸೊಸೆ ತರುವ ಪದ್ಧತಿ ಕಡಿಮೆಯಾಗುತ್ತ ಬಂದಿದೆ. ಹಾಗೆ ಬಂದವಳಿಗೆ ತುರ್ಕಿಯವರೇ ಇಟ್ಟ ಹೆಸರು 'ಇಥಾಲ್ ಗೆಲಿನ್', ಆಮದು ಸೊಸೆ. ಅತ್ತೆಯ ಮನೆಯ ಹೊರಗೆ ಯಾರ ಪರಿಚಯವೂ ಇಲ್ಲದ ಇವಳೇ ಎಲ್ಲರಿಗಿಂತ ಒಂಟಿ. 2007ರಿಂದ ಜರ್ಮನಿ ಇಂಥವರಿಗೆ ಹೊರಡುವ ಮುಂಚೆಯೇ ಭಾಷಾ ಪರೀಕ್ಷೆ ಕಡ್ಡಾಯ ಮಾಡಿತು. ಡೆನ್ಮಾರ್ಕ್ 2002ರಲ್ಲಿ ಇಬ್ಬರಿಗೂ 24 ತುಂಬಿರಬೇಕೆಂದಿತು. ಬಲವಂತದ ಮದುವೆ ಜರ್ಮನಿಯಲ್ಲಿ 2011ರಿಂದ ಪ್ರತ್ಯೇಕ ಅಪರಾಧ.

ಮನೆಯೊಳಗಿನ ಹಿಂಸೆಯ ವಿರುದ್ಧ ಮೊದಲು ನಿಂತವರು ತುರ್ಕಿ ಹೆಂಗಸರೇ. 1978ರಲ್ಲಿ ಬರ್ಲಿನ್‌ನಲ್ಲಿ ಅವರಿಗಾಗಿ ಟಿಯೊ ಎಂಬ ಸಲಹಾ ಕೇಂದ್ರ ಶುರುವಾಯಿತು. 1984ರಲ್ಲಿ ಬಂದೂಕುಧಾರಿಯೊಬ್ಬ ಅಲ್ಲಿಗೆ ನುಗ್ಗಿ ಸಲಹೆ ಕೇಳಲು ಬಂದಿದ್ದವಳನ್ನು ಕೊಂದ; ಆಗ ಕಾನೂನು ವಿದ್ಯಾರ್ಥಿನಿಯಾಗಿದ್ದ ಸೆಯ್ರಾನ್ ಅತೆಶ್ ತೀವ್ರವಾಗಿ ಗಾಯಗೊಂಡು ಬದುಕಿ, ಹೆಂಗಸರ ವಕೀಲೆಯಾದರು. 2005ರ ಫೆಬ್ರವರಿ 7ರಂದು ಬರ್ಲಿನ್‌ನ ಬಸ್ ನಿಲ್ದಾಣದ ಬಳಿ ಹಾತುನ್ ಸುರುಜು ತಮ್ಮನ ಗುಂಡಿಗೆ ಬಲಿಯಾದರು. ಬಲವಂತದ ಮದುವೆ ಬಿಟ್ಟು ಬಂದು, ಮಗನನ್ನು ಸಾಕುತ್ತ, ಎಲೆಕ್ಟ್ರಿಷಿಯನ್ ಕೆಲಸ ಕಲಿತಿದ್ದ ಆಕೆಗೆ 23 ವರ್ಷ. ಅದೇ ವರ್ಷ, ಜರ್ಮನಿಯ ತುರ್ಕಿ ಮನೆಗಳ ಮದುವೆಗಳ ಕುರಿತು ನೆಜ್ಲಾ ಕೆಲೆಕ್ ಬರೆದ 'ಡೀ ಫ್ರೆಮ್ಡೆ ಬ್ರೌಟ್' (ಪರಕೀಯ ವಧು) ಎಂಬ ಪುಸ್ತಕ ಭಾರಿ ಮಾರಾಟವಾಯಿತು. ಕೆಲವು ಪ್ರಕರಣಗಳಿಂದ ಇಡೀ ಸಮುದಾಯವನ್ನು ಅಳೆಯುವುದು ತಪ್ಪೆಂದು 60 ಮಂದಿ ಸಂಶೋಧಕರು 2006ರಲ್ಲಿ ಬಹಿರಂಗ ಪತ್ರ ಬರೆದರು. ಹಾತುನ್‌ಗೆ ಆದ ಅನ್ಯಾಯವನ್ನು ಮುಚ್ಚಿಡಬಾರದು, ಅದನ್ನು ಬೇರೆಲ್ಲ ಹೆಣ್ಣುಮಕ್ಕಳ ಹಣೆಗೆ ಅಂಟಿಸಲೂಬಾರದು.

ಹೊರಗಿನ ಹಿಂಸೆಯೂ ಹೆಂಗಸರನ್ನೇ ಹೆಚ್ಚು ಸುಟ್ಟಿತು. 1992ರ ನವೆಂಬರ್‌ನಲ್ಲಿ ಮ್ಯೋಲ್ನ್‌ನಲ್ಲಿ ಜನಾಂಗ ದ್ವೇಷಿಗಳು ಮನೆಗೆ ಬೆಂಕಿ ಇಟ್ಟಾಗ ಸತ್ತವರು ಒಬ್ಬ ಅಜ್ಜಿ, ಇಬ್ಬರು ಹುಡುಗಿಯರು. 1993ರ ಮೇ 29ರಂದು ಸೋಲಿಂಗೆನ್‌ನಲ್ಲಿ ಸತ್ತ ಐವರೂ ಹೆಣ್ಣುಮಕ್ಕಳು; ಎಲ್ಲರಿಗಿಂತ ಚಿಕ್ಕವಳಿಗೆ ನಾಲ್ಕು ವರ್ಷ. ಇಬ್ಬರು ಹೆಣ್ಣುಮಕ್ಕಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಒಬ್ಬ ಬಂಧು ಹುಡುಗಿಯನ್ನೂ ಕಳೆದುಕೊಂಡ ಮೆವ್ಲುದೆ ಗೆಂಚ್ ಅದೇ ಊರಿನಲ್ಲಿ ಉಳಿದು, ಸೇಡು ಬೇಡ, ಒಟ್ಟಿಗೆ ಬಾಳೋಣ ಎಂದು ಕೊನೆಯವರೆಗೂ ಹೇಳಿದರು. ಅವರು ತೀರಿಕೊಂಡದ್ದು 2022ರ ಅಕ್ಟೋಬರ್ 30ರಂದು, ಕಾರ್ಮಿಕ ಒಪ್ಪಂದಕ್ಕೆ 61 ವರ್ಷ ತುಂಬಿದ ದಿನ.

ಈಚಿನ ದಿನಗಳು

2010ರಲ್ಲಿ ಆಯ್ಗುಲ್ ಒಜ್‌ಕಾನ್ ಲೋವರ್ ಸ್ಯಾಕ್ಸನಿಯಲ್ಲಿ ಸಚಿವೆಯಾದರು. ಜರ್ಮನಿಯ ಯಾವುದೇ ರಾಜ್ಯದಲ್ಲಿ ತುರ್ಕಿ ಮೂಲದವರೊಬ್ಬರು ಸಚಿವರಾದದ್ದು ಅದೇ ಮೊದಲು. ಹನ್ನೆರಡನೇ ವಯಸ್ಸಿಗೆ ಜರ್ಮನ್ ಗೊತ್ತಿಲ್ಲದೆ ಬಂದ ಮುಹ್ತೆರೆಮ್ ಅರಾಸ್ 2016ರಲ್ಲಿ ಬಾಡೆನ್ ವುರ್ಟೆಂಬೆರ್ಗ್ ಶಾಸನಸಭೆಯ ಅಧ್ಯಕ್ಷೆಯಾದರು. ತುರ್ಕಿಯಲ್ಲಿ 2016ರಲ್ಲಿ ನಡೆದ ಸೇನಾ ದಂಗೆಯ ಯತ್ನದ ನಂತರ ಅಲ್ಲಿಂದ ಹೊರಟ ಪ್ರಾಧ್ಯಾಪಕಿಯರು, ವೈದ್ಯೆಯರು, ಪತ್ರಕರ್ತೆಯರು ಹೊಸದೊಂದು ಅಲೆ. ಇವರಿಗೂ ಹೈಮ್‌ನ ಅಬ್ಲಾಗಳಿಗೂ ಭಾಷೆಯೊಂದನ್ನು ಬಿಟ್ಟರೆ ಸಮಾನವಾದದ್ದು ಕಡಿಮೆ.

ಆ ಅಬ್ಲಾಗಳು ಈಗ ಮುದುಕಿಯರು. ಹಗುರ ಕೂಲಿಯ ಲೆಕ್ಕದಲ್ಲಿ ಕಟ್ಟಿದ ಕಂತಿಗೆ ಪಿಂಚಣಿಯೂ ಹಗುರವೇ. ಅನೇಕರು ಆರು ತಿಂಗಳು ತುರ್ಕಿಯಲ್ಲಿ, ಆರು ತಿಂಗಳು ಮೊಮ್ಮಕ್ಕಳ ಊರಿನಲ್ಲಿ ಕಳೆಯುತ್ತಾರೆ. 2024ರ ಜೂನ್ 27ರಂದು ಜಾರಿಗೆ ಬಂದ ಹೊಸ ಪೌರತ್ವ ಕಾನೂನು, 1974ರ ಜೂನ್ 30ರೊಳಗೆ ಕೆಲಸಕ್ಕೆಂದು ಪಶ್ಚಿಮ ಜರ್ಮನಿಗೆ ಬಂದವರು ಲಿಖಿತ ಪರೀಕ್ಷೆ ಬರೆಯಬೇಕಿಲ್ಲ, ದಿನಬಳಕೆಯ ಜರ್ಮನ್ ಮಾತಾಡಬಲ್ಲರಾದರೆ ಸಾಕು, ತುರ್ಕಿಯ ಪೌರತ್ವವನ್ನೂ ಬಿಡಬೇಕಿಲ್ಲ ಎಂದಿತು. 1964ರಲ್ಲಿ ಇಪ್ಪತ್ತರ ಹುಡುಗಿಯಾಗಿ ಸಿರ್ಕೆಜಿಯಲ್ಲಿ ರೈಲು ಹತ್ತಿದವಳಿಗೆ ಆಗ ಎಂಬತ್ತು ವರ್ಷ.